ತಮಟೆ ಏಟು ಉಳಿಸಲು ಲಿಮಿಟರೋ, ಕ್ಲಿಪ್ಪರೋ?

ಪೂಜಾ ಕುಣಿತದ ಹಾಡು ತಂದ ಮಂಡ್ಯದವರು ಕೇಳುವುದು ಇಷ್ಟೇ: "ಇನ್ನೂ ವಸಿ ಜೋರ್ ಮಾಡಿ ಸಾ, ತಮಟೆ ಏಟು ಮಾತ್ರ ಹಂಗೇ ಇರ್ಬೇಕು." ನ್ಯಾಯವಾದ ಬೇಡಿಕೆಯೇ. ತಮಟೆ, ನಗಾರಿ, ಬೇಸ್ ಗಿಟಾರ್, ಗಂಡು ದನಿ ಇರುವ ಒಂದೇ ಮಿಕ್ಸ್ ಇಟ್ಟುಕೊಂಡು ಹೋಲಿಸಿದ್ದು ಇದು. ಮಿಕ್ಸ್ −16 ಲಫ್ಸ್ (LUFS, ಕಿವಿಗೆ ತಾಗುವ ಸರಾಸರಿ ಜೋರಿನ ಅಳತೆ), ಪೀಕ್ ಅಂದರೆ ಸದ್ದಿನ ಅತಿ ಎತ್ತರದ ತುದಿ −3 ಡಿಬಿ. ಅದನ್ನು −9ಕ್ಕೆ ಏರಿಸಿ ಪೀಕ್ ದಾಟಬಾರದ ಗೆರೆಯಾದ ಸೀಲಿಂಗನ್ನು −1 ಡಿಬಿಯಲ್ಲಿಟ್ಟರೆ ಸುಮಾರು 5 ಡಿಬಿ ಪೀಕ್ ಕತ್ತರಿಸಲೇಬೇಕು.

ಲಿಮಿಟರ್ ಅಂದರೆ ಪೀಕ್ ಬಂದಾಗ ಇಡೀ ಸದ್ದನ್ನೇ ಕ್ಷಣಕಾಲ ತಗ್ಗಿಸುವ ಸಾಧನ. ಐದೂ ಡಿಬಿಯನ್ನು ಲಿಮಿಟರ್‌ ತಲೆಗೇ ಕಟ್ಟಿದರೆ ಏಟು ಮೊದಲು ಸಾಯುತ್ತದೆ. ರಿಲೀಸ್ (ತಗ್ಗಿಸಿದ ಸದ್ದು ಮತ್ತೆ ಮೇಲೇಳುವ ಸಮಯ) 50 ಮಿಲಿಸೆಕೆಂಡ್ ಇದ್ದಾಗ ನಗಾರಿ ಬಿದ್ದ ಕೂಡಲೇ ಇಡೀ ಹಾಡು ತಗ್ಗುತ್ತದೆ. ಅದರ ಬೆನ್ನಿಗೇ ಬರುವ ತಮಟೆ ಮಂಕಾಗುತ್ತದೆ. 10ಕ್ಕೆ ಇಳಿಸಿದರೆ ಬೇಸ್ ಗೊರಗುಟ್ಟುತ್ತದೆ. 50 ಹರ್ಟ್ಸ್ ಸ್ವರದ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು, ಲಿಮಿಟರ್ ಆ ಸುತ್ತಿನೊಳಗೇ ಏರಿಳಿಯತೊಡಗುತ್ತದೆ.

ಮೊದಲು ಕ್ಲಿಪ್ಪರ್‌ನಲ್ಲಿ 3 ಡಿಬಿ, ಆಮೇಲೆ ಲಿಮಿಟರ್‌ನಲ್ಲಿ 2 ಡಿಬಿ ತೆಗೆದಾಗ ವ್ಯತ್ಯಾಸ ದೊಡ್ಡದು. ಕ್ಲಿಪ್ಪರ್‌ಗೆ ರಿಲೀಸ್ ಎಂಬುದೇ ಇಲ್ಲ. ಗೆರೆ ಮೀರಿದ್ದನ್ನಷ್ಟೇ ಕತ್ತರಿಸುತ್ತದೆ, ಪಕ್ಕದ ಸದ್ದನ್ನು ಮುಟ್ಟುವುದಿಲ್ಲ. ಬೆಂಕಿಗೆ ಕಾಯಿಸಿದ ತಮಟೆಯ ಮೊದಲ ಚಟ್ ಒಂದೆರಡು ಮಿಲಿಸೆಕೆಂಡಿನದು, ಅದರಲ್ಲಿ ಬೆರೆತ ಡಿಸ್ಟಾರ್ಷನ್ ಕಿವಿಗೆ ಸಿಗುವುದಿಲ್ಲ. ಎಳೆದು ಹಾಡಿದ ದನಿ ಗೆರೆ ಮುಟ್ಟಿದರೆ ಮಾತ್ರ ಪರಪರ ಎನ್ನುತ್ತದೆ. ಕ್ಲಿಪ್ಪರ್‌ನ ಡೆಲ್ಟಾ (ಕತ್ತರಿಸಿದ್ದನ್ನಷ್ಟೇ ಕೇಳಿಸುವ ಗುಂಡಿ) ಒತ್ತಿ ಕೇಳಿ: ಬರೀ ಟಿಕ್ ಟಿಕ್ ಬರಬೇಕು. ಹಾಡುಗಾರನ ಸ್ವರ ಕೇಳಿಸಿದರೆ ಅರ್ಧರ್ಧ ಡಿಬಿ ಹಿಂದಕ್ಕೆ ಬನ್ನಿ. ಓವರ್‌ಸ್ಯಾಂಪ್ಲಿಂಗ್ (ಹೆಚ್ಚು ಸ್ಯಾಂಪಲ್ ದರದಲ್ಲಿ ಕ್ಲಿಪ್ ಮಾಡಿ ಒರಟು ಸದ್ದು ತಗ್ಗಿಸುವುದು) 4 ಪಟ್ಟು ಇರಲಿ. ಅದರಿಂದ ಪೀಕ್ ಮತ್ತೆ ಸ್ವಲ್ಪ ತಲೆ ಎತ್ತುತ್ತದೆ, ಕ್ಲಿಪ್ಪರ್ ಆದಮೇಲೆ ಸ್ಯಾಂಪಲ್ ನಡುವಿನ ಪೀಕನ್ನೂ ಹಿಡಿಯುವ ಟ್ರೂ ಪೀಕ್ ಲಿಮಿಟರ್ ಬೇಕಾಗುವುದು ಅದಕ್ಕೇ.

ಇವೆರಡಕ್ಕಿಂತ ಚೆನ್ನಾಗಿ ಬಂದದ್ದು ಮಿಕ್ಸ್‌ನಲ್ಲೇ ಕ್ಲಿಪ್ ಮಾಡಿದ್ದು: ತಮಟೆ ಬಸ್‌ನಲ್ಲಿ (ತಮಟೆ ಟ್ರ್ಯಾಕ್‌ಗಳೆಲ್ಲ ಸೇರುವ ಚಾನೆಲ್) 2 ಡಿಬಿ, ನಗಾರಿಯಲ್ಲಿ 1.5, ಉಳಿದದ್ದು ಇಡೀ ಹಾಡು ಸೇರುವ ಮಾಸ್ಟರ್‌ನಲ್ಲಿ. ದನಿ, ಬೇಸ್ ಆ ಕ್ಲಿಪ್ಪರ್‌ಗಳ ಹತ್ತಿರವೂ ಸುಳಿಯುವುದಿಲ್ಲ.

ಟ್ರಾನ್ಸಿಯೆಂಟ್ ಶೇಪರ್‌ನಿಂದ ಏಟು ಎತ್ತಿ ಲಿಮಿಟರ್‌ಗೆ ಕೊಟ್ಟರೆ, ಎತ್ತಿದ್ದನ್ನೇ ಅದು ಕತ್ತರಿಸುತ್ತದೆ. ವ್ಯರ್ಥ. ಅದುಮಿದ ಪ್ರತಿಯನ್ನು ಮೂಲದ ಜೊತೆ ಬೆರೆಸುವ ಪ್ಯಾರಲಲ್ ಕಂಪ್ರೆಷನ್ ನಗಾರಿಯ ಗುಂಯ್‌ ದಪ್ಪ ಮಾಡುತ್ತದೆ, ಏಟನ್ನಲ್ಲ.

ಹೋಲಿಸುವಾಗ ಎಲ್ಲವನ್ನೂ ಒಂದೇ ಲಫ್ಸ್‌ಗೆ ತಂದೇ ಕೇಳಿ. ಜೋರಾದದ್ದು ಯಾವಾಗಲೂ ಚೆಂದ ಅನ್ನಿಸುತ್ತದೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೇಗೂ −14ಕ್ಕೆ ಇಳಿಸುತ್ತದೆ. ಜೋರು ಬೇಕಾಗುವುದು ಪೆನ್‌ಡ್ರೈವ್‌ನಿಂದ ನುಡಿಸುವ ಗಣೇಶನ ಪೆಂಡಾಲಿಗೆ, ಅಲ್ಲಿಗೂ −9 ಧಾರಾಳ. ಸ್ಟೀರಿಯೋ ಫೈಲ್ ಮಾತ್ರ ಸಿಕ್ಕಿದ್ದರೆ ಎರಡನೆಯ ದಾರಿ (ಮೊದಲು ಕ್ಲಿಪ್ಪರ್, ಆಮೇಲೆ ಲಿಮಿಟರ್) ಹಿಡಿಯಿರಿ. ಅದರಲ್ಲೂ ಕ್ಲಿಪ್ಪರ್ 3 ಡಿಬಿ ಮೀರಬೇಕಾಗಿ ಬಂದರೆ, ತಮಟೆ ಬಸ್ ಸರಿಮಾಡಲು ಮಿಕ್ಸ್ ವಾಪಸ್ ಕಳಿಸಿ.