ಬ್ರೌನಿಂಗ್ ಬಿಎಆರ್ ಮಾರ್ಕ್ 3: ಟೆಕ್ಸಾಸ್‌ನಲ್ಲಿ ಕೆಲವು ಸೀಸನ್ ಬಳಸಿದ ಮೇಲೆ

ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನೇ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಗುರಿ ನಿಲ್ಲುವುದಿಲ್ಲ, ಬೇಟೆಗೆ ಪ್ರತಿ ಸಲ ಕೈಯಿಂದ ಎಳೆದು ತೋಟಾ ಏರಿಸುವ ಬೋಲ್ಟ್ ಆ್ಯಕ್ಷನ್ನೇ ಸರಿ ಎಂಬ ಮಾತು ಇಲ್ಲಿನ ಶೂಟಿಂಗ್ ರೇಂಜ್‌ಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. .308 ವಿಂಚೆಸ್ಟರ್ ಅಳತೆಯ ತೋಟಾ ಹಾಕುವ ಸೆಮಿ ಆಟೋ ಕೋವಿ ಬಿಎಆರ್ (ಬ್ರೌನಿಂಗ್ ಆಟೋಮ್ಯಾಟಿಕ್ ರೈಫಲ್) ಮಾರ್ಕ್ 3 ಇಟ್ಟುಕೊಂಡು ಓಡಾಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಗುರಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಪ್ರತಿ ಸಲವೂ ಮುಂದಿನ ತೋಟಾ ತಾನಾಗಿ ಏರುತ್ತದಾ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಅದರಲ್ಲಿ ಅರ್ಧ ಕೆಲಸ ಕೋವಿಯದು, ಉಳಿದರ್ಧ ನಮ್ಮದು.

ನಾನು ಬಳಸುವ ಜಾಗ ಮಧ್ಯ ಟೆಕ್ಸಾಸ್‌ನ ಹಿಲ್ ಕಂಟ್ರಿ. ಓಕ್ ಮರ, ಸೀಡರ್ ಪೊದೆ, ನಡುನಡುವೆ ಓಟ್ಸ್ ಹೊಲ. ನವೆಂಬರ್‌ನಲ್ಲಿ ಬಿಳಿಬಾಲದ ಜಿಂಕೆ, ಉಳಿದಂತೆ ವರ್ಷವಿಡೀ ಕಾಡುಹಂದಿ. ಈ ರಾಜ್ಯದಲ್ಲಿ ಹಂದಿಗಳ ಸಂಖ್ಯೆ 20 ಲಕ್ಷಕ್ಕೂ ಜಾಸ್ತಿ ಎಂದು ಅಂದಾಜು. ಒಂದೇ ರಾತ್ರಿಯಲ್ಲಿ ಹೊಲ ಉತ್ತು ಹಾಕುತ್ತವೆ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಹಂಟಿಂಗ್ ಲೈಸೆನ್ಸ್ ಕೂಡ ಬೇಕಿಲ್ಲ. ಜಿಂಕೆಗೆ ಲೈಸೆನ್ಸ್ ಬೇಕೇ ಬೇಕು. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಕೂಡ ಮುಗಿಸಿರಬೇಕು.

ನಮ್ಮವರು ತುಂಬ ಜನ ಕೇಳುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಊರಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಜೋಡಿ ನಳಿಗೆ ಕೋವಿ ನೋಡಿ ಬೆಳೆದವರಿಗೆ ಇಲ್ಲಿನ ಅಂಗಡಿಯಲ್ಲಿ ನಿಂತಾಗ ಸ್ವಲ್ಪ ತಬ್ಬಿಬ್ಬಾಗುವುದು ಸಹಜ.

ಸರಿ, ಕೋವಿಗೆ ಬರೋಣ. ಈ ಬಿಎಆರ್ ಮೊದಲ ಮಹಾಯುದ್ಧದ ಕಾಲದ ಸೇನೆಯ ಬಿಎಆರ್ ಅಲ್ಲ. ಅದು ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ಮಾಡಿದ್ದು. ಬೇಟೆಯ ಬಿಎಆರ್ ಅವರ ಮೊಮ್ಮಗ ಬ್ರೂಸ್ ಬ್ರೌನಿಂಗ್ ಅವರ ಕೆಲಸ, 1967ರಲ್ಲಿ ಮಾರುಕಟ್ಟೆಗೆ ಬಂತು. ಗುಂಡು ಹಾರಿದಾಗ ನಳಿಗೆಯಿಂದ ಸ್ವಲ್ಪ ಗ್ಯಾಸ್ ಕೆಳಗಿನ ಪಿಸ್ಟನ್‌ಗೆ ಹೋಗುತ್ತದೆ. ಪಿಸ್ಟನ್ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ, ಸ್ಪ್ರಿಂಗ್ ಹೊಸದನ್ನು ಒಳಗೆ ನೂಕುತ್ತದೆ. ಬೋಲ್ಟ್ ತಲೆಗೆ ಏಳು ಹಲ್ಲು, ತಿರುಗಿ ಬೀಗ ಬೀಳುತ್ತದೆ. ಬೋಲ್ಟ್ ಆ್ಯಕ್ಷನ್‌ನಷ್ಟೇ ಗಟ್ಟಿಯಾಗಿ ಕೂರುವುದರಿಂದಲೇ ಗುರಿಯೂ ನಿಲ್ಲುವುದು.

ನನ್ನದಕ್ಕೆ ಇಷ್ಟವಾದ 165 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾದಲ್ಲಿ 100 ಗಜಕ್ಕೆ ಮೂರು ಗುಂಡು ಒಂದೂಕಾಲು, ಒಂದೂವರೆ ಇಂಚಿನೊಳಗೆ ಕೂರುತ್ತವೆ. 200 ಗಜಕ್ಕೆ ಮೂರು ಇಂಚು ಅಂದುಕೊಳ್ಳಿ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಅದಕ್ಕಿಂತ ಎಷ್ಟೋ ದೊಡ್ಡದು. ಅರ್ಧ ಇಂಚಿನೊಳಗೆ ಗುಂಡುಗಳ ಗುಂಪು ತೋರಿಸುವವರ ಜೊತೆ ಪೈಪೋಟಿಗೆ ಇಳಿಯುವ ಕೋವಿ ಇದಲ್ಲ, ಇಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ನಳಿಗೆ ಕಾದ ಮೇಲೆ ಗುಂಪು ಸ್ವಲ್ಪ ಹರಡುತ್ತದೆ. ಗ್ಯಾಸ್ ಸಾಮಾನೆಲ್ಲ ನಳಿಗೆಗೇ ಅಂಟಿಕೊಂಡಿರುವಾಗ ಅದು ಇದ್ದದ್ದೇ. ಹಾಗಾಗಿ ರೇಂಜ್‌ನಲ್ಲಿ ಸುಮ್ನೆ ಒಂದರ ಹಿಂದೆ ಒಂದು ಹೊಡೆದು ಗುಂಪು ಅಳೆಯುವುದರಲ್ಲಿ ಅರ್ಥವಿಲ್ಲ. ತಣ್ಣಗಿರುವ ನಳಿಗೆಯಿಂದ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂದು ಬೇರೆ ಬೇರೆ ದಿನ ನೋಡಿ. ಬೇಟೆಯಲ್ಲಿ ಕೆಲಸಕ್ಕೆ ಬರುವುದು ಆ ಗುಂಡೇ ಅಲ್ವಾ. ಇನ್ನು ಟ್ರಿಗರ್. ಬೇಟೆಯ ಸೆಮಿ ಆಟೋ ಕೋವಿಗಳಲ್ಲಿ ಇದು ಬೋಲ್ಟ್ ಆ್ಯಕ್ಷನ್‌ನಷ್ಟು ಹಗುರ ಇರುವುದಿಲ್ಲ, ಬೆರಳಿಗೆ ಅಭ್ಯಾಸವಾಗಬೇಕು.

ನಂಬಿಕೆಯ ವಿಷಯದಲ್ಲಿ ನನಗೆ ಕಾಟ ಕೊಟ್ಟಿದ್ದು ತೋಟಾ. ಒಂದು ಅಗ್ಗದ ಕಂಪನಿಯ ಪೆಟ್ಟಿಗೆಯಲ್ಲಿ ಖಾಲಿ ತೋಟಾ ಚೇಂಬರ್‌ನಲ್ಲೇ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಕಚ್ಚಿಕೊಂಡು ನಿಲ್ಲತೊಡಗಿತು. ಅದೇ ದಿನ, ಅದೇ ಕೋವಿಗೆ ಬೇರೆ ತೋಟಾ ಹಾಕಿದರೆ ನೀರು ಕುಡಿದ ಹಾಗೆ ಓಡಿತು. ಬೋಲ್ಟ್ ಆ್ಯಕ್ಷನ್‌ನಲ್ಲಾದರೆ ಕೈಯಿಂದ ಜೋರಾಗಿ ಎಳೆದು ಬಿಡಿಸಬಹುದು. ಇಲ್ಲಿ ಅಷ್ಟು ಹಿಡಿತ ಸಿಗುವುದಿಲ್ಲ. ಅದಕ್ಕೇ ಕೊಳ್ಳುವವರಿಗೆ ನನ್ನ ಸಲಹೆ: ಮೂರ್ನಾಲ್ಕು ಬಗೆಯ ತೋಟಾ ಒಂದೊಂದೇ ಪೆಟ್ಟಿಗೆ ತಂದು ಪ್ರಯೋಗ ಮಾಡಿ. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ಪೂರ್ತಿ ತುಂಬಿ ಹೊಡೆಯಿರಿ. ಕೊನೆಯ ಗುಂಡಿನ ಮೇಲೆ ಬೋಲ್ಟ್ ತೆರೆದು ನಿಂತಿತಾ ನೋಡಿ. ತಕರಾರಿಲ್ಲದೆ ಓಡಿದ್ದು ಯಾವುದೋ ಅದನ್ನೇ ಜಾಸ್ತಿ ತಂದು ಇಟ್ಟುಕೊಳ್ಳಿ.

ಕಾಟ ಕೊಡುವ ಇನ್ನೊಂದು ವಿಷಯ ಮಸಿ. ನಳಿಗೆಯ ಕೆಳಗೆ ಮುಂದಿನ ಕೈಯಲ್ಲಿ ಹಿಡಿಯುವ ಮರದ ಭಾಗವನ್ನು ಬಿಚ್ಚಿದರೆ ಪಿಸ್ಟನ್ ಕಾಣುತ್ತದೆ. ಒಂದು ಸೀಸನ್ ಹಾಗೇ ಬಿಟ್ಟರೆ ಅದರ ಮೇಲೆ ಕಪ್ಪು ಹೊಪ್ಪಳೆ ಕಟ್ಟುತ್ತದೆ, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಸಾಲ್ವೆಂಟ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಬೇಕು. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಡಬೇಕು. ಅಲ್ಲಿಗೆ ಎಣ್ಣೆ ಹಚ್ಚಿದರೆ ಮುಂದಿನ ಸಲದ ಮಸಿ ಇನ್ನೂ ಬಿಗಿಯಾಗಿ ಕೂರುತ್ತದೆ. ನಳಿಗೆಯನ್ನು ಹಿಂದಿನಿಂದ ನೇರವಾಗಿ ಒರೆಸಲು ಜಾಗವಿಲ್ಲ, ಹಗ್ಗದಂಥ ಬೋರ್ ಸ್ನೇಕ್ ಎಳೆಯುವುದೇ ಸುಲಭ. ಅದಕ್ಕಿಂತ ಒಳಗೆ ಬಿಚ್ಚಲು ಹೋಗಬೇಡಿ, ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ಕೊಡಿ.

ಸದ್ದಿನ ವಿಚಾರ ಯಾರೂ ಹೇಳುವುದಿಲ್ಲ. ಸೆಮಿ ಆಟೋ ಕೋವಿಯ ಬೋಲ್ಟನ್ನು ಮೆಲ್ಲಗೆ ಮುಂದೆ ಬಿಟ್ಟರೆ ಬೀಗ ಪೂರ್ತಿ ಬೀಳದೆ ಇರಬಹುದು. ಬಿಟ್ಟರೆ ಒಮ್ಮೆಗೇ ಬಿಡಬೇಕು, ಖಟಾರ್ ಅನ್ನುತ್ತದೆ. ನಸುಕಿನ ಮೌನದಲ್ಲಿ ಅದು ಇಡೀ ಹೊಲಕ್ಕೆ ಕೇಳುತ್ತದೆ. ಕೂರುವ ಜಾಗಕ್ಕೆ ಹೋದ ತಕ್ಷಣ, ಇನ್ನೂ ಕತ್ತಲಿರುವಾಗಲೇ ತೋಟಾ ಏರಿಸಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿಟ್ಟುಬಿಡುತ್ತೇನೆ. ಸೇಫ್ಟಿ ಟ್ರಿಗರ್ ಹಿಂದಿನ ಅಡ್ಡಗುಂಡಿ. ಒಂದೇ ಬೆರಳಲ್ಲಿ ಒತ್ತಿದರೆ ಟಿಕ್ ಅನ್ನುತ್ತದೆ, ಜಿಂಕೆ ತಲೆ ಎತ್ತುತ್ತದೆ. ಎರಡೂ ಕಡೆ ಬೆರಳಿಟ್ಟು ತಡೆದು ತಳ್ಳಿದರೆ ಸದ್ದಿಲ್ಲ.

ಇಷ್ಟೆಲ್ಲ ಇದ್ದೂ ಸೆಮಿ ಆಟೋ ಯಾಕೆ ಅಂದರೆ, ಹಂದಿ ಒಂಟಿಯಾಗಿ ಬರುವುದು ಕಡಿಮೆ. ಮೊದಲ ಗುಂಡಿಗೆ ಹಿಂಡು ಚದುರುತ್ತದೆ. ಗ್ಯಾಸ್ ಕೆಲಸ ಮಾಡುವುದರಿಂದ ಒದೆತ ಕಡಿಮೆ, ಕೆನ್ನೆ ಸ್ಟಾಕ್ ಮೇಲೇ ಇರುತ್ತದೆ, ಕಣ್ಣು ಸ್ಕೋಪ್‌ನಲ್ಲೇ ಇರುತ್ತದೆ. ಗಾಯಗೊಂಡ ಹಂದಿ ಸೀಡರ್ ಪೊದೆಗೆ ನುಗ್ಗುವ ಮೊದಲು ಎರಡನೇ ಗುಂಡು ಸಿಗುತ್ತದೆ. ಅದೊಂದೇ ಕಾರಣಕ್ಕೆ ನಾನು ಇದನ್ನು ಮಾರಿಲ್ಲ. ಬರೀ ಜಿಂಕೆಗೆ ಹೋಗುವವರಾದರೆ ಇದರ ಅರ್ಧ ಬೆಲೆಯ ಬೋಲ್ಟ್ ಆ್ಯಕ್ಷನ್ ತಗೊಳ್ಳಿ, ಉಳಿದ ದುಡ್ಡು ಸ್ಕೋಪ್‌ಗೆ ಹಾಕಿ.

ಬೇರೆ ಆಯ್ಕೆಗಳೂ ಇವೆ. ಬೆನೆಲಿ ಕಂಪನಿಯ ಆರ್1 ಕೂಡ ಗ್ಯಾಸ್ ಪಿಸ್ಟನ್ನೇ, ಭುಜಕ್ಕೆ ಚೆನ್ನಾಗಿ ಕೂರುತ್ತದೆ. ಸೇನೆಯ ರೈಫಲ್‌ನಂತೆ ಕಾಣುವ ಎಆರ್-10 ಮಾದರಿಯವಕ್ಕೆ ಬಿಡಿಭಾಗ ಧಾರಾಳ, ಬಿಚ್ಚಿ ಒರೆಸುವುದೂ ಸುಲಭ. ಆದರೆ ತೂಕ ಜಾಸ್ತಿ, ಒಬ್ಬ ತಯಾರಕರ ಮ್ಯಾಗಜೀನ್ ಇನ್ನೊಬ್ಬರದಕ್ಕೆ ಕೂರದೆ ಇರಬಹುದು. ಪೆನ್ಸಿಲ್ವೇನಿಯಾದಲ್ಲಿ ಇರುವವರು ಇವೆಲ್ಲ ಮರೆತುಬಿಡಿ. ಅಲ್ಲಿ ಅಳಿಲು, ಮೊಲದಂಥ ಸಣ್ಣ ಬೇಟೆಗೆ 2017ರಲ್ಲಿ ಸೆಮಿ ಆಟೋಗೆ ಒಪ್ಪಿಗೆ ಸಿಕ್ಕಿತು, ಜಿಂಕೆಗೆ ಸಿಗಲಿಲ್ಲ. ಬೇರೆ ರಾಜ್ಯಗಳಲ್ಲೂ ಮ್ಯಾಗಜೀನ್‌ನಲ್ಲಿ ಎಷ್ಟು ತೋಟಾ ಇರಬಹುದು ಎಂಬ ನಿಯಮ ಬೇರೆ ಬೇರೆ. ಬಿಎಆರ್‌ನ .308 ಮ್ಯಾಗಜೀನ್‌ಗೆ ನಾಲ್ಕೇ ಹಿಡಿಯುವುದರಿಂದ ಆ ತಲೆನೋವು ಕಡಿಮೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಂದಿನ ಮರದ ಭಾಗದಲ್ಲಿ ಸೀಳು ಬಿಟ್ಟಿದೆಯಾ ನೋಡಿ. ಅದನ್ನು ಬಿಚ್ಚಿಸಿ ಪಿಸ್ಟನ್ ನೋಡಿ. ಮ್ಯಾಗಜೀನ್ ಕೆಳಗಿನ ಬಾಗಿಲಿಗೆ ಸಿಕ್ಕಿಸುವಂಥದ್ದು, ಅದನ್ನು ಸಿಕ್ಕಿಸಿ ಮುಚ್ಚಿದಾಗ ಅಲ್ಲಾಡಬಾರದು. ಬಿಚ್ಚಲು ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.