ಪ್ಲಾಸ್ಮಾ ಚೇಂಬರ್‌ಗೆ ನಿಯೋಡಿಮಿಯಂ ಮ್ಯಾಗ್ನೆಟ್: ಹಲವು ವರ್ಷ ಬಳಸಿದ ಮೇಲೆ

ನಮ್ಮ ಲ್ಯಾಬಿನ ಪ್ಲಾಸ್ಮಾ ಚೇಂಬರ್‌ಗೆ ನಿಯೋಡಿಮಿಯಂ ಮ್ಯಾಗ್ನೆಟ್ ಕೂರಿಸಿ ಹಲವು ವರ್ಷ ಆಯ್ತು. ಪ್ಲಾಸ್ಮಾ ಅಂದರೆ ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲ. ಅದು ಗೋಡೆಗೆ ಬಡಿದು ಕಳೆದುಹೋಗೋದನ್ನು ಕಡಿಮೆ ಮಾಡೋದು ಈ ಮ್ಯಾಗ್ನೆಟ್‌ಗಳ ಕೆಲಸ. ಹೊಸದಾಗಿ ಚೇಂಬರ್ ಕಟ್ಟುವವರು "ಎಷ್ಟು ಪವರ್ ಇರೋದು ತಗೋಬೇಕು?" ಅಂತ ಕೇಳುತ್ತಾರೆ. ಪವರ್ ಆಮೇಲೆ ನೋಡಿ, ಮೊದಲು ಎಷ್ಟು ಬಿಸಿ ತಡೆಯುತ್ತದೆ ಅಂತ ನೋಡಿ. ನಾನು ಎಲ್ಲರಿಗೂ ಹೇಳೋದು ಇಷ್ಟೇ.

ನಮ್ಮದು ಸ್ಟೇನ್‌ಲೆಸ್ ಸ್ಟೀಲ್ ಚೇಂಬರ್. ಒಳಗೆ ಆರ್ಗಾನ್, ಟಂಗ್‌ಸ್ಟನ್ ಫಿಲಮೆಂಟ್. ಕಾದ ಫಿಲಮೆಂಟಿನಿಂದ ಹೊರಡುವ ಎಲೆಕ್ಟ್ರಾನ್‌ಗಳೇ ಆರ್ಗಾನ್ ಅನ್ನು ಪ್ಲಾಸ್ಮಾ ಮಾಡೋದು. ಹೊರಗೋಡೆಗೆ ಉದ್ದಕ್ಕೂ ಮ್ಯಾಗ್ನೆಟ್ ಸಾಲುಗಳಿವೆ. ಒಂದು ಸಾಲಿನ ಉತ್ತರ ಧ್ರುವ ಒಳಮುಖವಾದರೆ ಪಕ್ಕದ ಸಾಲಿನದು ದಕ್ಷಿಣ ಧ್ರುವ. ಇದಕ್ಕೆ ಮಲ್ಟಿಕಸ್ಪ್ ಅಂತಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಂಪೇಕರ್ ಮತ್ತು ಮೆಕೆಂಜಿ 1973ರಲ್ಲಿ ಪ್ರಕಟಿಸಿದ ವಿಧಾನ ಇದು. ಆಗ ನಿಯೋಡಿಮಿಯಂ ಮ್ಯಾಗ್ನೆಟ್ ಇನ್ನೂ ಬಂದೇ ಇರಲಿಲ್ಲ, ಅದು ಬಂದಿದ್ದು 1980ರ ದಶಕದಲ್ಲಿ.

ಈ ಜೋಡಣೆ ನನಗೆ ಇವತ್ತಿಗೂ ತುಂಬಾ ಇಷ್ಟ. ಕಾಂತಕ್ಷೇತ್ರ ಗೋಡೆಯ ಹತ್ತಿರ ಜೋರಾಗಿರುತ್ತದೆ, ಒಳಕ್ಕೆ ಹೋದಂತೆ ಬೇಗ ಇಳಿಯುತ್ತದೆ. ಸಾಲುಗಳ ನಡುವೆ 6 ಸೆಂ.ಮೀ. ಅಂತರ ಇದ್ದರೆ, 6 ಸೆಂ.ಮೀ. ಒಳಗೆ ಲೆಕ್ಕದ ಪ್ರಕಾರ ಉಳಿಯೋದು ಸುಮಾರು 4% ಮಾತ್ರ. ಹಾಗಾಗಿ ನಡುವಿನ ಪ್ಲಾಸ್ಮಾ ಒಂದೇ ಸಮನಾಗಿ, ಗಲಾಟೆ ಇಲ್ಲದೆ ಇರುತ್ತದೆ. ಫಿಲಮೆಂಟಿನಿಂದ ಹೊರಟ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ಗೋಡೆಗೆ ಬಡಿದು ಹಾಳಾಗದೆ ವಾಪಸ್ ತಿರುಗುತ್ತವೆ. ಅದೇ ಕರೆಂಟಿಗೆ ಜಾಸ್ತಿ ಪ್ಲಾಸ್ಮಾ ಸಿಗುತ್ತದೆ. ಕಿಟಕಿಯಲ್ಲಿ ಇಣುಕಿದರೆ ಪ್ರತಿ ಸಾಲಿನ ಎದುರೂ ಗೋಡೆಯ ಮೇಲೆ ತೆಳ್ಳಗೆ ಒಂದು ಹೊಳೆಯುವ ಗೆರೆ. ಎಲೆಕ್ಟ್ರಾನ್ ಸೋರಿಹೋಗೋದು ಅಲ್ಲೇ. ಒಂದು ಮ್ಯಾಗ್ನೆಟ್ ಉಲ್ಟಾ ಕೂತಿದ್ದರೂ ಆ ಜಾಗದಲ್ಲಿ ಗೆರೆ ಕೆಟ್ಟಿರುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ.

ಕರೆಂಟ್ ಕಾಯಿಲ್ ಹಾಕಿದ್ದರೆ ಅದಕ್ಕೊಂದು ದೊಡ್ಡ ಪವರ್ ಸಪ್ಲೈ ಬೇಕಿತ್ತು, ಕಾಯಿಲ್ ತಣ್ಣಗಿಡಲು ನೀರು ಬೇಕಿತ್ತು. ಆ ಖರ್ಚು ಉಳಿಯಿತು. ಆದರೆ ಕಾಯಿಲ್‌ನಲ್ಲಿ ಒಂದು ನಾಬ್ ತಿರುಗಿಸಿ ಕ್ಷೇತ್ರ ಬದಲಿಸಬಹುದು, ಇಲ್ಲಿ ಆಗಲ್ಲ. ಪ್ರತಿ ದಿನ ಬೇರೆ ಬೇರೆ ಕ್ಷೇತ್ರದಲ್ಲಿ ಪ್ರಯೋಗ ಮಾಡುವವರು ಕಾಯಿಲ್ ಕಡೆಗೇ ಹೋಗಲಿ.

ಇನ್ನು ಬಿಸಿಯ ವಿಷಯ. ಪ್ಲಾಸ್ಮಾದಿಂದ ಗೋಡೆ ಬಿಸಿಯಾದರೆ ಮ್ಯಾಗ್ನೆಟ್ ಕೂಡ ಬಿಸಿಯಾಗುತ್ತದೆ. ಮ್ಯಾಗ್ನೆಟ್ ಮೇಲೆ ಎನ್ 42 ಅಂತ ಬರೆದಿದ್ದರೆ 42 ಅನ್ನೋದು ಅದರ ಶಕ್ತಿ. ಆ ಅಂಕಿಯ ನಂತರ ಬೇರೆ ಅಕ್ಷರ ಇಲ್ಲದಿದ್ದರೆ ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಳಸಬಹುದು. ಎಚ್ ಇದ್ದರೆ 120, ಎಸ್‌ಎಚ್ ಇದ್ದರೆ 150. ಪ್ರತಿ ಡಿಗ್ರಿಗೆ ಅದರ ಕಾಂತಕ್ಷೇತ್ರ ಸುಮಾರು 0.12% ಇಳಿಯುತ್ತದೆ, ತಣ್ಣಗಾದರೆ ವಾಪಸ್ ಬರುತ್ತದೆ. ಆದರೆ ಮಿತಿ ದಾಟಿದರೆ ಹೋದದ್ದು ಹೋಯಿತು, ಮತ್ತೆ ಮ್ಯಾಗ್ನೆಟೈಸ್ ಮಾಡಿಸಬೇಕು. ಆಕಾರವೂ ಮುಖ್ಯ. ತೆಳು ಬಿಲ್ಲೆಯಂಥ ಮ್ಯಾಗ್ನೆಟ್ ದಪ್ಪದ್ದಕ್ಕಿಂತ ಬೇಗ ಸೋಲುತ್ತದೆ.

ಒಬ್ಬ ಸಪ್ಲೈಯರ್ ಎಚ್ ಗ್ರೇಡ್ ಅಂತ ಬಿಲ್ ಹಾಕಿ ಸಾದಾ ಗ್ರೇಡ್ ಕಳಿಸಿದ್ದರು. ನೋಡಲು ಎರಡೂ ಒಂದೇ ಥರ ಇರುತ್ತವೆ. ಅಂದಿನಿಂದ ಪ್ರತಿ ಲಾಟ್‌ನಿಂದ ಕೆಲವನ್ನು ಓವನ್‌ನಲ್ಲಿ 100 ಡಿಗ್ರಿಗೆ ಇಟ್ಟು, ತಣ್ಣಗಾದ ಮೇಲೆ ಗೌಸ್ ಮೀಟರ್ (ಕಾಂತಕ್ಷೇತ್ರ ಅಳೆಯುವ ಸಾಧನ) ಹಿಡಿದು ಮೊದಲಿನ ರೀಡಿಂಗ್ ಜೊತೆ ತಾಳೆ ನೋಡುತ್ತೇವೆ. ಪ್ರೋಬ್ ಪ್ರತಿ ಸಲ ಅದೇ ಜಾಗದಲ್ಲಿ, ಅದೇ ದೂರದಲ್ಲಿ ಇರಬೇಕು. ಇಲ್ಲದಿದ್ದರೆ ಆ ಅಳತೆಗೆ ಅರ್ಥವೇ ಇಲ್ಲ.

ನೀವು 2.45 ಗಿಗಾಹರ್ಟ್ಸ್ ಮೈಕ್ರೋವೇವ್ ಬಳಸಿ ಇಸಿಆರ್ (ಎಲೆಕ್ಟ್ರಾನ್ ಸೈಕ್ಲೋಟ್ರಾನ್ ರೆಸೊನೆನ್ಸ್) ಪ್ಲಾಸ್ಮಾ ಮಾಡುತ್ತಿದ್ದರೆ ಬಿಸಿಯ ವಿಷಯ ಇನ್ನೂ ಮುಖ್ಯ. ಅಲ್ಲಿ ಎಲೆಕ್ಟ್ರಾನ್ ಸುತ್ತುವ ವೇಗ ಮೈಕ್ರೋವೇವ್ ತಾಳಕ್ಕೆ ಹೊಂದಿ ಅನುರಣನ ಆಗೋದು ಕಾಂತಕ್ಷೇತ್ರ 875 ಗೌಸ್ ಇರುವ ಜಾಗದಲ್ಲಿ. ಮ್ಯಾಗ್ನೆಟ್ ಬಿಸಿಯಾಗಿ ಸೊರಗಿದರೆ ಆ ಜಾಗವೇ ಮ್ಯಾಗ್ನೆಟ್ ಕಡೆಗೆ ಸರಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಪ್ಲಾಸ್ಮಾ ಮಧ್ಯಾಹ್ನ ಬೇರೆಯೇ ಆಗಿರಬಹುದು.

ನಿಯೋಡಿಮಿಯಂ ಬದಲು ಬೇರೆ ಮ್ಯಾಗ್ನೆಟ್‌ಗಳೂ ಇವೆ. ಸಮೇರಿಯಂ ಕೋಬಾಲ್ಟ್ ಬಿಸಿಗೆ ಹೇಳಿ ಮಾಡಿಸಿದಂತಿದೆ. ಒಳ್ಳೆ ಗ್ರೇಡ್ 300 ಡಿಗ್ರಿ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ. ಬೆಲೆ ಜಾಸ್ತಿ, ಅಂಚು ಬೇಗ ಚಕ್ಕೆ ಏಳುತ್ತದೆ. ಫೆರೈಟ್ ಅಗ್ಗ, ತುಕ್ಕು ಹಿಡಿಯಲ್ಲ, ಆದರೆ ಅದರ ಕಾಂತಕ್ಷೇತ್ರ ನಿಯೋಡಿಮಿಯಂನ ಸುಮಾರು ಮೂರನೇ ಒಂದು ಭಾಗದಷ್ಟೇ. ಕಡಿಮೆ ಬಜೆಟ್‌ನ ಕಾಲೇಜು ಲ್ಯಾಬ್‌ಗೆ ಫೆರೈಟ್ ಸಾಕು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹೈಡ್ರೋಜನ್ ಪ್ಲಾಸ್ಮಾ ಮಾಡುವವರು ನಿಯೋಡಿಮಿಯಂ ಅನ್ನು ವ್ಯಾಕ್ಯೂಮ್ ಒಳಗೆ ಮುಚ್ಚದೆ ಹಾಗೇ ಇಡಲೇಬಾರದು. ಹೈಡ್ರೋಜನ್ ಹೀರಿಕೊಂಡು ಅದು ಪುಡಿಯಾಗುತ್ತದೆ. ಹೊರಗಿಟ್ಟಿದ್ದರೂ ನಿಕಲ್ ಲೇಪನ ಗಮನಿಸುತ್ತಿರಿ. ನಮ್ಮಲ್ಲಿ ಮೂಲೆಯೊಂದರಲ್ಲಿ ಗುಳ್ಳೆ ಎದ್ದು ಲೇಪನ ಸುಲಿದಿತ್ತು. ಉಗುರು ತಾಗಿಸಿದರೆ ಒಳಗಿಂದ ಬೂದು ಪುಡಿ ಉದುರುತ್ತಿತ್ತು. ಚೇಂಬರ್‌ನ ಕೂಲಿಂಗ್ ಪೈಪಿನ ಮೇಲೆ ಬೆವರುವ ನೀರು ಇಳಿಯುತ್ತಿದ್ದ ಜಾಗ ಅದು. ಈಗ ನೀರನ್ನು ತೀರಾ ತಣ್ಣಗೆ ಬಿಡುವುದಿಲ್ಲ.

ಕೂರಿಸುವಾಗ ಇಬ್ಬರಿರಬೇಕು, ಕನ್ನಡಕ ಹಾಕಲೇಬೇಕು. ಎರಡು ಮ್ಯಾಗ್ನೆಟ್ ಹಾರಿ ಬಡಿದುಕೊಂಡರೆ ಚೂರು ಸಿಡಿಯುತ್ತದೆ. ಬೆರಳು ನಡುವೆ ಸಿಕ್ಕಿದರಂತೂ ಕೇಳಲೇಬೇಡಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು.

ಕೊಳ್ಳುವವರು ಇನ್ನೊಂದು ವಿಷಯ ನೆನಪಿಡಿ. 2025ರ ಏಪ್ರಿಲ್‌ನಲ್ಲಿ ಚೀನಾ ಸಮೇರಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಬಿಸಿ ತಡೆಯುವ ನಿಯೋಡಿಮಿಯಂ ಗ್ರೇಡ್‌ಗಳಲ್ಲಿ ಹೆಚ್ಚಾಗಿ ಬೆರೆಸೋದು ಡಿಸ್ಪ್ರೋಸಿಯಂ, ಟರ್ಬಿಯಂಗಳನ್ನೇ. ಹಾಗಾಗಿ ಆರ್ಡರ್ ಬೇಗ ಹಾಕಿ, ಒಂದಷ್ಟು ಹೆಚ್ಚುವರಿ ಮ್ಯಾಗ್ನೆಟ್ ಅದೇ ಲಾಟ್‌ನಿಂದಲೇ ತೆಗೆದಿಡಿ. ಬೇರೆ ಲಾಟ್‌ನದ್ದು ಆಮೇಲೆ ಸೇರಿಸಿದರೆ ಸಾಲಿನಲ್ಲಿ ಕ್ಷೇತ್ರ ಸಮ ಬರೋದು ಕಷ್ಟ.