ಕೆಜಿಎಫ್ ಗುಜರಿ ಅಂಗಡಿಯ ಮಿಲಿಟರಿ ಹೆಲ್ಮೆಟ್‌ಗಳು: ಹೋಗಿ, ಜೇಬಲ್ಲಿ ಮ್ಯಾಗ್ನೆಟ್ ಇರಲಿ

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಳೇ ಗುಜರಿ ಅಂಗಡಿ ಇದೆ. ಹೆಸರು ಬರೆಯೋದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಅಲ್ಲಿ ಮಿಲಿಟರಿ ಹೆಲ್ಮೆಟ್ ಸಿಗುತ್ತೆ ಅಂತ ಸ್ನೇಹಿತ ಹೇಳಿದ್ದ. ಭಾನುವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿದೆ.

ಓನರ್ ಮೊದಲು ತೆಗೆದು ತೋರಿಸಿದ ಹೆಲ್ಮೆಟ್‌ನ ಮುಂದೆ ಲ್ಯಾಂಪ್ ಸಿಕ್ಕಿಸೋ ಕೊಂಡಿ ಇತ್ತು. "ಮಿಲಿಟರಿ ಸಾರ್, ಒರಿಜಿನಲ್" ಅಂದರು. 2001ರವರೆಗೆ ಚಿನ್ನದ ಗಣಿ ನಡೆದ ಊರಲ್ಲಿ ಗಣಿ ಹೆಲ್ಮೆಟ್ಟನ್ನ ಮಿಲಿಟರಿ ಅಂತ ಮಾರೋಕೆ ಧೈರ್ಯ ಬೇಕು ಬಿಡಿ. ಇಲ್ಲಿನ ಹಳೇ ಗಣಿಯ ಹೆಸರು ಹಿಡಿದು "ಅಣ್ಣ, ಇದು ಚಾಂಪಿಯನ್ ರೀಫ್ ರೆಜಿಮೆಂಟಾ?" ಅಂದೆ. ನಕ್ಕುಬಿಟ್ಟು ಒಳಗಿಂದ ಒಂದು ಮೂಟೆ ತಂದರು.

ಮೂಟೆಯಲ್ಲಿ ಎರಡು ಅಗಲ ಅಂಚಿನ, ಊಟದ ತಟ್ಟೆ ಬೋರಲು ಹಾಕಿದ ಹಾಗಿರೋ ಹೆಲ್ಮೆಟ್ ಇದ್ದವು. ಇದು 1915ರಲ್ಲಿ ಜಾನ್ ಬ್ರೋಡಿ ಪೇಟೆಂಟ್ ಮಾಡಿದ ವಿನ್ಯಾಸ. ಎರಡನೇ ಮಹಾಯುದ್ಧದ ಹೊತ್ತಿಗೆ ಇದರ ಮಾರ್ಕ್ 2 ಅನ್ನೋ ಮುಂದಿನ ಮಾದರಿ ಬಂದಿತ್ತು, ನಮ್ಮ ಸೈನಿಕರೂ ಅದನ್ನೇ ಹಾಕಿದ್ದರು. ಅಷ್ಟು ಅಗಲ ಅಂಚು ಯಾಕೆ ಅಂದ್ರೆ, ಕಂದಕದಲ್ಲಿ ಕೂತವನ ತಲೆ ಮೇಲೆ ಶೆಲ್ ಸಿಡಿದು ಚೂರುಗಳು ಮಳೆ ಥರ ಬೀಳುತ್ತಿದ್ದವು, ಅದಕ್ಕೆ ಕೊಡೆ ಬೇಕಿತ್ತು. ನೇರ ಬರೋ ರೈಫಲ್ ಗುಂಡು ತಡೆಯೋಕೆ ಮಾಡಿದ್ದಲ್ಲ.

ಒಂದರ ಅಂಚಲ್ಲಿ ಮೂರು ತೂತು. "ಗುಂಡು ತೂರಿದ್ದು ಸಾರ್, ಅದಕ್ಕೇ ರೇಟು ಜಾಸ್ತಿ." ಗುಂಡು ಅಷ್ಟು ನೀಟಾಗಿ ತೂರುತ್ತಾ? ಅದು ಡ್ರಿಲ್ ಮಾಡಿದ ತೂತು. ಸೇನೆಯ ಮಟ್ಟ ಮುಟ್ಟದ ಹೆಲ್ಮೆಟ್‌ಗಳಿಗೆ ಹಾಗೆ ಗುರುತು ಹಾಕಿ ಸಿವಿಲ್ ಡಿಫೆನ್ಸ್‌ನವರಿಗೆ, ಅಂದ್ರೆ ಯುದ್ಧದ ಹೊತ್ತಲ್ಲಿ ಊರಿನ ಜನರ ರಕ್ಷಣೆ ನೋಡಿಕೊಳ್ಳೋರಿಗೆ, ಕೊಡುತ್ತಿದ್ದರು. ಅಂದ್ರೆ ಇವರು ಜಾಸ್ತಿ ದುಡ್ಡು ಕೇಳುತ್ತಿದ್ದದ್ದು ಪರೀಕ್ಷೆಯಲ್ಲಿ ಫೇಲಾದ ಮಾಲಿಗೆ! ಮ್ಯಾಗ್ನೆಟ್ ಇಟ್ಟೆ, ಟಕ್ ಅಂತ ಅಂಟಿತು.

ಇನ್ನೊಂದಕ್ಕೆ ಅಂಟಲೇ ಇಲ್ಲ, ಜಾರಿ ಬಿತ್ತು. ಓನರ್ "ಹಾಗಾದ್ರೆ ಇದು ಕಬ್ಬಿಣ ಅಲ್ವಾ?" ಅಂತ ಗಾಬರಿಯಾದರು. ಅದೇ ಒಳ್ಳೇದು ಅಣ್ಣ ಅಂದೆ. ಸೇನೆಯ ಹೆಲ್ಮೆಟ್ ಹ್ಯಾಡ್‌ಫೀಲ್ಡ್ ಉಕ್ಕಿನದು. ಅದರಲ್ಲಿ ಶೇಕಡಾ 12ರ ಆಸುಪಾಸು ಮ್ಯಾಂಗನೀಸ್ ಇರುತ್ತದೆ, ಅದಕ್ಕೇ ಅಯಸ್ಕಾಂತ ಅಂಟೋದಿಲ್ಲ. ಈ ಉಕ್ಕಿಗೆ ಏಟು ಬಿದ್ದಷ್ಟೂ ಏಟು ಬಿದ್ದ ಜಾಗ ಗಟ್ಟಿಯಾಗುತ್ತಾ ಹೋಗುತ್ತದೆ. ಅಮೆರಿಕದ ಎಂ1 ಹೆಲ್ಮೆಟ್ಟಿಗೂ ಇದೇ ಉಕ್ಕು. ಎಂ1 ಅಂದ್ರೆ ನೆನಪಾಯಿತು, ಮೂಟೆಯ ತಳದಲ್ಲಿ ಅದರ ಲೈನರ್ ಒಂದು ಇತ್ತು, ಹಗುರವಾದ ಒಳಚಿಪ್ಪು ಅಷ್ಟೇ. ಅದನ್ನೇ ಪೂರ್ತಿ ಹೆಲ್ಮೆಟ್ ಅಂತ 2,500 ಹೇಳಿದರು. ಸುಮ್ನೆ ವಾಪಸ್ ಇಟ್ಟೆ.

ಈಗ ನನ್ನ ಹೊಟ್ಟೆ ಉರಿದ ವಿಷಯ. ಮ್ಯಾಗ್ನೆಟ್ ಅಂಟದ ಆ ಒಳ್ಳೇ ಮಾರ್ಕ್ 2ಕ್ಕೆ ಹೊರಗೂ ಒಳಗೂ ಗೇಟಿಗೆ ಬಳಿಯೋ ಹಸಿರು ಎನಾಮಲ್ ಪೇಂಟ್ ಬಳಿದಿದ್ದಾರೆ. ಫಳಫಳ ಅಂತಿದೆ. ಸೇನೆಯ ಬಣ್ಣ ಮಂಕಾಗಿ, ಒರಟಾಗಿ ಇರಬೇಕು, ಬಿಸಿಲಿಗೆ ಹೊಳೆದರೆ ದೂರದಿಂದಲೇ ಕಾಣುತ್ತದಲ್ಲ. ಅಂಚಿನ ಕೆಳಗೆ ತಯಾರಕರ ಅಕ್ಷರ, ಇಸವಿ ಒತ್ತಿರುತ್ತಾರೆ, ಅದೂ ಪೇಂಟಲ್ಲಿ ಮುಚ್ಚಿಹೋಗಿದೆ. ತುಕ್ಕು ಹಿಡಿದಿದ್ದರೂ ನಾನು ಡಬಲ್ ರೇಟು ಕೊಡುತ್ತಿದ್ದೆ. "ಹೊಸದರ ಥರ ಇದ್ರೆ ತಾನೇ ಸಾರ್ ಜನ ತಗೊಳ್ಳೋದು" ಅಂತಾರೆ. ಏನು ಹೇಳೋದು.

ಒಳಗಿನ ಪಟ್ಟಿಗಳು ಮಾತ್ರ ಬಚಾವಾಗಿವೆ. ನೆತ್ತಿಯ ಮೇಲಿನ ಒಂದೇ ಸ್ಕ್ರೂ ಬಿಚ್ಚಿದರೆ ಆ ಪಟ್ಟಿಗಳೆಲ್ಲ ಒಟ್ಟಿಗೇ ಕೈಗೆ ಬರುತ್ತವೆ, ಅಷ್ಟು ಸರಳ. ಗದ್ದದ ಪಟ್ಟಿ ಇಲ್ಲ. 1,800 ಹೇಳಿದರು, 1,300ಕ್ಕೆ ತಂದೆ. ಬಿಲ್ಲು ಕೊಡಲ್ಲ, ಹಿಂದಕ್ಕೂ ತಗೊಳ್ಳಲ್ಲ. ಆದರೆ ಮನುಷ್ಯ ಒಳ್ಳೆಯವರು, ಎರಡು ಗಂಟೆ ಮೂಟೆ ಕೆದಕಿದರೂ ಬೇಜಾರು ಮಾಡಿಕೊಳ್ಳಲಿಲ್ಲ, ಮಧ್ಯೆ ಟೀ ಬೇರೆ ತರಿಸಿದರು.

ಐದಕ್ಕೆ ಮೂರು ಸ್ಟಾರ್. ಎರಡು ಕಳೆದದ್ದು ಆ ಪೇಂಟಿಗೆ. ಮುಂದಿನ ಮೂಟೆ ಬಂದಾಗ ಬ್ರಷ್ ಮುಟ್ಟೋ ಮುಂಚೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದಿದ್ದೇನೆ. ತಿಂಗಳಾಯಿತು, ಇನ್ನೂ ಫೋನ್ ಬಂದಿಲ್ಲ.